ಪಂದ್ಯದ ನಾಯಿ ಬೇರೆ, ಹೊಲದ ನಾಯಿ ಬೇರೆ

ಎತ್ತು ಕೊಳ್ಳಲು ಹೋದಾಗ ನಾವು ಏನೇನು ನೋಡುತ್ತೇವೆ? ಗೊರಸು, ಹೆಗಲು, ಸುಳಿ, ಹಲ್ಲು, ನಡಿಗೆ. ಎರಡು ಹೆಜ್ಜೆ ನಡೆಸಿ ನೋಡದೆ ಯಾರೂ ಟವೆಲಿನ ಕೆಳಗೆ ಕೈ ಹಾಕಿ ವ್ಯಾಪಾರ ಕುದುರಿಸುವುದಿಲ್ಲ. ಆದರೆ ಹೊಲಕ್ಕೆ ಒಂದು ನಾಯಿ ತರುವಾಗ ಮಾತ್ರ ಈ ಬುದ್ಧಿಯೆಲ್ಲ ಎಲ್ಲಿಗೆ ಹೋಗುತ್ತದೋ! ‘ಎಷ್ಟು ಇಂಚು ಎತ್ತರ ಬರ್ತದೆ?’ ಅಂತ ಒಂದೇ ಪ್ರಶ್ನೆ ಕೇಳಿ ದುಡ್ಡು ಎಣಿಸಿ ಕೊಟ್ಟು ಬರುತ್ತೇವೆ. ನಾನೂ ಹಾಗೇ ಮಾಡಿದೆ. ಅದರಿಂದ ಕಲಿತದ್ದನ್ನು ಇಲ್ಲಿ ಬರೆದಿದ್ದೇನೆ.

ನಮ್ಮ ಮೂಲ ಬೆಂಗಳೂರಿನ ಪಶ್ಚಿಮಕ್ಕಿರುವ ಮೂಡಲಪಾಳ್ಯ. ಈಗ ಅಲ್ಲಿ ಮನೆಯ ಮೇಲೆ ಮನೆ. ನಾನು ಹುಡುಗನಾಗಿದ್ದಾಗ ನಮ್ಮಪ್ಪ ಅಲ್ಲೇ ರಾಗಿ, ಅವರೆ ಬೆಳೆಯುತ್ತಿದ್ದರು. ಊರು ಬಡಾವಣೆಯಾದ ಮೇಲೂ ಮನೆ ಅಲ್ಲೇ ಉಳಿಯಿತು. ಬೇಸಾಯ ಮಾತ್ರ ಮಾಗಡಿ ರಸ್ತೆಯಲ್ಲಿ ತಾವರೆಕೆರೆಯ ಆಚೆಗೆ ಹೋಯಿತು. ಅಲ್ಲಿ ಮೂರು ಎಕರೆ ಇದೆ. ರಾಗಿ, ತೊಗರಿ, ಒಂದಿಷ್ಟು ತೆಂಗು, ಇಪ್ಪತ್ತೆರಡು ಕುರಿ. ವಾರದಲ್ಲಿ ನಾಲ್ಕು ರಾತ್ರಿ ನಾನು ಅಲ್ಲೇ ಮಲಗುವುದು.

ಮೂವತ್ತು ಇಂಚಿನ ರಾಜ

2017ರಲ್ಲಿ ರೊಪ್ಪದಿಂದ ಎರಡು ಕುರಿ ಕಳುವಾದವು. ಆಗ ನಗರದ ಒಬ್ಬ ಮಾರಾಟಗಾರನಿಂದ ಹದಿನೆಂಟು ಸಾವಿರ ಕೊಟ್ಟು ಒಂದು ಗಂಡು ಮರಿ ತಂದೆ. ‘ಅಣ್ಣ, ಇದು ಮುಧೋಳ, ಅದರಲ್ಲೂ ರೇಸ್ ಲೈನು. ಇದರಪ್ಪ ಪಂದ್ಯ ಗೆದ್ದ ನಾಯಿ. ಮೂವತ್ತು ಇಂಚು ಗ್ಯಾರಂಟಿ’ ಎಂದ. ಆರು ತಿಂಗಳಾದ ಮೇಲೆ ಬೈಕಿನ ಹಿಂದೆ ಓಡಿಸಿದರೆ ತೊಡೆ ತುಂಬಿಕೊಳ್ಳುತ್ತದೆ ಅಂತಲೂ ಹೇಳಿಕೊಟ್ಟ. ರಾಜ ಅಂತ ಹೆಸರಿಟ್ಟೆವು.

ಎತ್ತರದ ವಿಷಯದಲ್ಲಿ ಅವನು ಸುಳ್ಳು ಹೇಳಿರಲಿಲ್ಲ. ವರ್ಷ ತುಂಬುವ ಹೊತ್ತಿಗೆ ರಾಜ ಮೂವತ್ತು ಇಂಚು ಮುಟ್ಟಿದ. ರಸ್ತೆಯಲ್ಲಿ ಹೋಗುವವರು ಗಾಡಿ ನಿಲ್ಲಿಸಿ ನೋಡುತ್ತಿದ್ದರು. ನನಗೂ ಒಳಗೊಳಗೇ ಜಂಬ. ಟಾರು ರಸ್ತೆಯಲ್ಲಿ ಬಿಟ್ಟರೆ ಕಣ್ಣು ಮುಚ್ಚಿ ತೆಗೆಯುವುದರೊಳಗೆ ಇಲ್ಲ.

ಹೊಲದಲ್ಲಿ ಕತೆಯೇ ಬೇರೆ. ಬದು ಹಾರಿದರೆ ಕಾಲು ತರಚುತ್ತಿತ್ತು. ರಾಗಿ ಕೂಳೆಯಲ್ಲಿ ಒಂದು ಸುತ್ತು ಓಡಿದರೆ ಬೆರಳ ಸಂದಿಯಲ್ಲಿ ರಕ್ತ. ಲಂಟಾನ ಪೊದೆಗೆ ನುಗ್ಗಿದರೆ ಚರ್ಮ ಹರಿದು ಹೊಲಿಗೆ ಹಾಕಿಸಬೇಕು. 2018ರ ಸಂಕ್ರಾಂತಿ ಕಳೆದ ಮೇಲೆ ಒಂದು ದಿನ ಬೀದಿನಾಯಿಯೊಂದನ್ನು ಅಟ್ಟಿಕೊಂಡು ಹೋದ. ಅದು ಬದುವಿನ ಹತ್ತಿರ ಥಟ್ಟನೆ ತಿರುಗಿತು. ಇವನೂ ತಿರುಗಲು ಹೋದ. ಮುಂಗಾಲಿನ ಮಣಿಕಟ್ಟಿನ ಮೇಲೆ ಮೂಳೆ ಮುರಿಯಿತು. ಆ ಕೂಗು ಇನ್ನೂ ನನ್ನ ಕಿವಿಯಲ್ಲಿದೆ.

ಕಾಲಿಗೆ ಪಟ್ಟಿ ಕಟ್ಟಿದ ಪಶುವೈದ್ಯರು ನಾಯಿಯನ್ನು ಮೇಲಿಂದ ಕೆಳಗೆ ನೋಡಿ, ‘ಇದರಲ್ಲಿ ಗ್ರೇಹೌಂಡ್ ರಕ್ತ ಬಹಳ ಇದ್ದಂತಿದೆ. ಮಟ್ಟದ ಬಯಲಲ್ಲಿ ಓಡೋ ನಾಯಿ ಇದು. ನೀವು ರೇಸ್ ಕಾರು ತಂದು ಉಳುಮೆಗೆ ಕಟ್ಟಿದ್ದೀರಿ’ ಎಂದರು. ನಾಯಿ ಕೆಟ್ಟದ್ದಲ್ಲ, ನಾನು ತಂದ ಉದ್ದೇಶಕ್ಕೆ ಹೊಂದಲಿಲ್ಲ ಅಷ್ಟೆ ಅಂತಲೂ ಹೇಳಿದರು. ಆಮೇಲೆ ಅವರೇ ಇಂಗ್ಲೆಂಡಿನ ಒಂದು ಚಿಕ್ಕ ನಾಯಿಯ ವಿಚಾರ ತಿಳಿಸಿದರು. ಅದನ್ನು ತಿಳಿದುಕೊಂಡರೆ ನಮ್ಮ ಮುಧೋಳದ ವಿಚಾರ ಸುಲಭವಾಗಿ ಅರ್ಥವಾಗುತ್ತದೆ.

ವಿಪ್ಪೆಟ್ ಹೇಳುವ ಪಾಠ

ಆ ನಾಯಿಯ ಹೆಸರು ವಿಪ್ಪೆಟ್. ನೋಡಲು ಗ್ರೇಹೌಂಡಿನ ತಮ್ಮನ ಹಾಗೆ. ಅಲ್ಲಿನ ತಳಿ ನಿಯಮದಂತೆ ಗಂಡು 47ರಿಂದ 51 ಸೆಂಟಿಮೀಟರ್, ಹೆಣ್ಣು 44ರಿಂದ 47 ಸೆಂಟಿಮೀಟರ್ ಎತ್ತರ. ಅಂದರೆ ನಮ್ಮ ಮೊಣಕಾಲಿನ ಸುಮಾರಿಗೆ ಬರುವ ನಾಯಿ. ಉತ್ತರ ಇಂಗ್ಲೆಂಡಿನ ಗಣಿ ಕೆಲಸಗಾರರು, ಮಿಲ್ ಕೂಲಿಗಳು ಹತ್ತೊಂಬತ್ತನೇ ಶತಮಾನದಲ್ಲಿ ಇದನ್ನು ಬೆಳೆಸಿದರು. ವಾರವೆಲ್ಲ ಅದು ಮೊಲ ಹಿಡಿದು ಅಡಿಗೆಮನೆಗೆ ಕೊಡುತ್ತಿತ್ತು. ರಜೆಯ ದಿನ ಅದೇ ನಾಯಿ ಪಂದ್ಯಕ್ಕೆ. ಒಬ್ಬ ಈ ತುದಿಯಲ್ಲಿ ನಾಯಿ ಹಿಡಿದುಕೊಂಡು ನಿಲ್ಲುವುದು, ಒಡೆಯ ಆ ತುದಿಯಲ್ಲಿ ಬಟ್ಟೆ ಬೀಸಿ ಕರೆಯುವುದು. ಇನ್ನೂರು ಗಜದ ಆಸುಪಾಸಿನ ನೇರ ಓಟ. ಭಾರದ ನಾಯಿ ಹಿಂದಿನಿಂದ ಹೊರಡಬೇಕು, ಹಗುರ ನಾಯಿಗೆ ಮುಂದೆ ಜಾಗ. ಬಡವನ ರೇಸ್ ಕುದುರೆ ಅಂತಲೇ ಅದನ್ನು ಕರೆಯುತ್ತಿದ್ದರು.

ಮೊದಲು ಎರಡೂ ಕೆಲಸಕ್ಕೆ ಒಂದೇ ನಾಯಿ. ಬರುಬರುತ್ತ ಪಂದ್ಯದವರು ಪಂದ್ಯ ಗೆದ್ದ ನಾಯಿಗಳನ್ನೇ ಒಂದಕ್ಕೊಂದು ಕೂಡಿಸಿದರು. ವಂಶಾವಳಿ ಕೇಳದ ಪಂದ್ಯಗಳಲ್ಲಿ ಗ್ರೇಹೌಂಡ್ ರಕ್ತವನ್ನೂ ಬೆರೆಸಿದರು. ಹಾಗಾಗಿ ಅವುಗಳ ಹಿಂಭಾಗದ ಮಾಂಸಖಂಡ ತುಂಬಿಕೊಂಡಿತು, ತೊಡೆ ಅಗಲವಾಯಿತು. ಮೊಲ ಹಿಡಿಯುವ ನಾಯಿಗೆ ಬೇಕಾದದ್ದು ಬೇರೆ. ಅದು ಓಡುತ್ತಲೇ ಥಟ್ಟನೆ ತಿರುಗಬೇಕು, ತಲೆ ಬಗ್ಗಿಸಬೇಕು, ಬೇಲಿ ದಾಟಬೇಕು, ಒಂದು ಓಟ ಮುಗಿದ ಮೇಲೆ ಇನ್ನೊಂದಕ್ಕೆ ಉಸಿರು ಉಳಿಸಿಕೊಂಡಿರಬೇಕು. ಪಂದ್ಯದ ನಾಯಿಗೆ ಹನ್ನೆರಡು ಹದಿಮೂರು ಸೆಕೆಂಡು ಓಡಿದರೆ ಆ ದಿನದ ಕೆಲಸ ಮುಗಿಯಿತು.

2007ರಲ್ಲಿ ಅಮೆರಿಕದ ವಿಜ್ಞಾನಿಗಳು ಇನ್ನೊಂದು ವಿಷಯ ಕಂಡುಹಿಡಿದರು. ಮಾಂಸಖಂಡ ಬೆಳೆಯದಂತೆ ಲಗಾಮು ಹಾಕುವ ಒಂದು ವಂಶವಾಹಿ ಪ್ರಾಣಿಗಳ ಮೈಯಲ್ಲಿದೆ. ಕೆಲವು ವಿಪ್ಪೆಟ್‌ಗಳಲ್ಲಿ ಅದು ಕೆಟ್ಟಿರುತ್ತದೆ. ತಂದೆ ತಾಯಿ ಇಬ್ಬರಲ್ಲಿ ಒಬ್ಬರಿಂದ ಮಾತ್ರ ಕೆಟ್ಟ ವಂಶವಾಹಿ ಬಂದರೆ ನಾಯಿಗೆ ಮಾಂಸ ಹೆಚ್ಚು, ವೇಗವೂ ಹೆಚ್ಚು. ಮೇಲಿನ ದರ್ಜೆಯ ಪಂದ್ಯದ ನಾಯಿಗಳಲ್ಲಿ ಅಂಥವೇ ಜಾಸ್ತಿ ಕಂಡವು. ಆದರೆ ಇಬ್ಬರಿಂದಲೂ ಬಂದರೆ ಮರಿ ಪೈಲ್ವಾನನ ಹಾಗೆ ಗಂಟುಗಂಟಾಗಿ ಉಬ್ಬಿಕೊಳ್ಳುತ್ತದೆ. ಅದು ಪಂದ್ಯಕ್ಕೂ ಆಗದು, ಪ್ರದರ್ಶನಕ್ಕೂ ಆಗದು. ಇಂಥ ಎರಡು ವೇಗದ ನಾಯಿಗಳನ್ನು ಕೂಡಿಸಿದರೆ ನಾಲ್ಕು ಮರಿಗೆ ಒಂದರಂತೆ ಅಂಥದ್ದು ಹುಟ್ಟುವ ಸಂಭವ ಇದೆ. ಬೆಲ್ಜಿಯಂ ದೇಶದ ಮಾಂಸದ ದನಗಳು ಉಬ್ಬಿಕೊಂಡು ಕಾಣುವುದೂ ಇದೇ ವಂಶವಾಹಿ ಕೆಟ್ಟದ್ದರಿಂದ.

ವೇಗ ಒಂದನ್ನೇ ಹಿಡಿದು ಆರಿಸುತ್ತ ಹೋದರೆ ಅದರ ಬೆನ್ನಿಗೇ ನಾವು ಕೇಳದ್ದೂ ಬರುತ್ತದೆ. ಹಾಲು ಒಂದನ್ನೇ ನೋಡಿ ಹಸು ಕಟ್ಟಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಮುಧೋಳಕ್ಕೆ ಹೋಗಿ ನೋಡಿದ್ದು

2019ರಲ್ಲಿ ಒಂದು ಮದುವೆಗೆಂದು ಬಾಗಲಕೋಟೆಗೆ ಹೋಗಬೇಕಾಯಿತು. ಹಾಗೇ ಮುಧೋಳಕ್ಕೂ ಹೋದೆ. ಘಟಪ್ರಭೆಯ ದಡದ ಊರು, ರನ್ನ ಕವಿ ಹುಟ್ಟಿದ ಊರು. ಬೇಟೆಗಾರ ಜನರ ಹಟ್ಟಿಗಳಲ್ಲಿದ್ದ ಈ ತಳಿಯನ್ನು ಮುಧೋಳ ಸಂಸ್ಥಾನದ ಮಾಲೋಜಿರಾವ್ ಘೋರ್ಪಡೆಯವರು ಅರಮನೆಯಲ್ಲಿ ಬೆಳೆಸಿದರು. ಒಂದು ಜೋಡಿಯನ್ನು ಇಂಗ್ಲೆಂಡಿನ ಐದನೇ ಜಾರ್ಜ್ ದೊರೆಗೆ ಕಾಣಿಕೆ ಕೊಟ್ಟರು. ಮುಧೋಳದ ಹೆಸರು ನಾಯಿಗೆ ಅಂಟಿಕೊಂಡದ್ದು ಹೀಗೆ. ಮಹಾರಾಷ್ಟ್ರದ ಕಡೆ ಇದೇ ನಾಯಿಗೆ ಕಾರವಾನಿ ಎನ್ನುತ್ತಾರೆ. 2005ರಲ್ಲಿ ಅಂಚೆ ಇಲಾಖೆ ಇದರ ಚಿತ್ರದ ಅಂಚೆಚೀಟಿ ಹೊರಡಿಸಿತು. 2016ರಲ್ಲಿ ಸೈನ್ಯದವರು ತರಬೇತಿಗೆಂದು ಮೀರತ್‌ಗೆ ಮರಿಗಳನ್ನು ಒಯ್ದರು. 2020ರ ಆಗಸ್ಟ್‌ನಲ್ಲಿ ಪ್ರಧಾನಿ ರೇಡಿಯೋ ಭಾಷಣದಲ್ಲಿ ಇದರ ಹೆಸರೆತ್ತಿದರು.

ಮುಧೋಳ ತಾಲ್ಲೂಕಿನ ತಿಮ್ಮಾಪುರದಲ್ಲಿ ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯಕ್ಕೆ ಸೇರಿದ ಶ್ವಾನ ಸಂಶೋಧನಾ ಕೇಂದ್ರ ಇದೆ. ಸುತ್ತಲಿನ ಹಳ್ಳಿಗಳಲ್ಲಿ ಎಷ್ಟೋ ಕುಟುಂಬಗಳು ಮರಿ ಮಾಡಿ ಮಾರುತ್ತವೆ. ಈ ತಳಿಯ ಗಂಡು 68ರಿಂದ 72 ಸೆಂಟಿಮೀಟರ್, ಹೆಣ್ಣು 64ರಿಂದ 68 ಸೆಂಟಿಮೀಟರ್ ಎತ್ತರ. ತೂಕ ಸುಮಾರು 20ರಿಂದ 28 ಕಿಲೋ. ಇಂಚಿನ ಲೆಕ್ಕದಲ್ಲಿ ಗಂಡು ಇಪ್ಪತ್ತೇಳರಿಂದ ಇಪ್ಪತ್ತೆಂಟೂಕಾಲು. ಮೂವತ್ತು ಇಂಚಿನ ಮುಧೋಳ ಅಂದರೆ ಅಲ್ಲೇ ಅನುಮಾನ ಬರಬೇಕಿತ್ತು ನನಗೆ.

ಒಂದು ಹಳ್ಳಿಯಲ್ಲಿ ಎಪ್ಪತ್ತು ದಾಟಿದ ಅಜ್ಜ ಒಬ್ಬರು ಸಿಕ್ಕರು. ರಾಜನ ಕತೆ ಹೇಳಿದೆ. ಅಜ್ಜ ನಕ್ಕರು.

‘ಎತ್ತರಾ ನೋಡಿ ತಗೊಂಡ್ರಿ ಹೌದಲ್ರಿ? ಎತ್ತು ತಗೋವಾಗ ಕೋಡು ನೋಡಿ ರೊಕ್ಕಾ ಕೊಡ್ತೀರೇನು? ಪಾದಾ ನೋಡಬೇಕ್ರಿ, ಪಾದಾ.’

‘ಈಗ ಎಲ್ಲರೂ ಎತ್ತರ ಕೇಳ್ತಾರಲ್ಲ ಅಜ್ಜಾರೇ?’ ಎಂದೆ.

‘ಕೇಳ್ತಾರ್ರಿ. ಅದಕ್ಕ ಕೆಲವರು ಗ್ರೇಹೌಂಡ್ ಕೂಡಸ್ತಾರ. ಜಾತ್ರ್ಯಾಗ ಓಡ್ಸಾಕ ಅದು ಬೇಷ್. ಎರಿ ಹೊಲದಾಗ ಅರ್ಧಾ ತಾಸು ಅಡ್ಡಾಡಿಸಿ ನೋಡ್ರಿ, ಆವಾಗ ತಿಳೀತೈತಿ’ ಎಂದರು.

ಅವರು ತಮ್ಮ ನಾಯಿಗಳಿಗೆ ಹಾಕುತ್ತಿದ್ದದ್ದು ಜೋಳದ ರೊಟ್ಟಿ, ಹಾಲು. ನಾಯಿಗಳ ಕೊನೆಯ ಎರಡು ಮೂರು ಪಕ್ಕೆಲುಬು ಕಾಣುತ್ತಿದ್ದವು. ಸೊರಗಿವೆ ಅಂದುಕೊಂಡೆ. ಆದರೆ ಬೆನ್ನ ಮೇಲೆ ಕೈಯಿಟ್ಟರೆ ಹಗ್ಗ ಹೊಸೆದಂತೆ ಗಟ್ಟಿ. ಈ ಜಾತಿಯ ನಾಯಿ ಇರಬೇಕಾದದ್ದೇ ಹಾಗೆ. ಅವರಿಂದ ಒಂದು ಕಪ್ಪು ಗಂಡು ಮರಿ ತಂದೆ. ಕರಿಯ ಅಂತ ಹೆಸರು.

ಟೇಪು ಹಿಡಿದು ಅಳೆದಾಗ

ಕರಿಯನಿಗೆ ಎರಡು ವರ್ಷ ತುಂಬಿದ ಮೇಲೆ ಇಬ್ಬರನ್ನೂ ಅಕ್ಕಪಕ್ಕ ನಿಲ್ಲಿಸಿ ಅಳೆದೆ. ಹೆಂಡತಿ ಬರೆದುಕೊಂಡಳು.

ಹೆಗಲ ಎತ್ತರ: ರಾಜ 30 ಇಂಚು, ಕರಿಯ 27 ಇಂಚು.
ತೂಕ: ರಾಜ 31 ಕಿಲೋ, ಕರಿಯ 23 ಕಿಲೋ.
ಎದೆಯ ಸುತ್ತಳತೆ: ರಾಜ 31 ಇಂಚು, ಕರಿಯ 27 ಇಂಚು.
ಮುಂಗಾಲ ಮಣಿಕಟ್ಟಿನ ಸುತ್ತಳತೆ (ರಾಜನದು ಮುರಿಯದ ಕಾಲು): ರಾಜ 5 ಇಂಚು, ಕರಿಯ ನಾಲ್ಕೂಮುಕ್ಕಾಲು ಇಂಚು.

ಕೊನೆಯ ಸಾಲು ನೋಡಿ ನಾನು ಬೆಪ್ಪಾದೆ. ರಾಜನ ಭಾರ ಕರಿಯನಿಗಿಂತ 8 ಕಿಲೋ, ಅಂದರೆ ನೂರಕ್ಕೆ ಮೂವತ್ತೈದರಷ್ಟು ಹೆಚ್ಚು. ಆ ಭಾರ ಹೊರುವ ಮಣಿಕಟ್ಟು ಮಾತ್ರ ಕಾಲಿಂಚು ಹೆಚ್ಚು. ಅಡ್ಡಲಾಗಿ ಕತ್ತರಿಸಿದ ಲೆಕ್ಕ ಹಾಕಿದರೆ ನೂರಕ್ಕೆ ಹನ್ನೊಂದರಷ್ಟು ಮಾತ್ರ. ಚರ್ಮ ಸೇರಿಸಿ ಅಳೆದದ್ದು, ಅಂದಾಜಿನ ಲೆಕ್ಕ. ಅದೂ ಎರಡೇ ನಾಯಿಯದು. ಆದರೂ ಕಾಲು ಯಾಕೆ ಮುರಿಯಿತು ಅನ್ನುವುದಕ್ಕೆ ನನಗೆ ಇಷ್ಟು ಸಾಕಾಯಿತು.

ಇದಕ್ಕೆ ಒಂದು ಸಾಮಾನ್ಯ ನಿಯಮವೇ ಇದೆ. ಯಾವುದೇ ಪ್ರಾಣಿಯ ಅಳತೆ ಎಲ್ಲ ಕಡೆಯೂ ಎರಡು ಪಟ್ಟಾದರೆ ತೂಕ ಎಂಟು ಪಟ್ಟಾಗುತ್ತದೆ, ಮೂಳೆಯ ಅಡ್ಡಗಾತ್ರ ನಾಲ್ಕೇ ಪಟ್ಟಾಗುತ್ತದೆ. ಆನೆಯ ಕಾಲು ಕಂಬದ ಹಾಗೆ, ಜಿಂಕೆಯ ಕಾಲು ಕಡ್ಡಿಯ ಹಾಗೆ ಇರುವುದು ಇದಕ್ಕೇ. ಮೂಳೆ ದಪ್ಪವಾಗದೆ ಎತ್ತರ, ಮಾಂಸ ಮಾತ್ರ ಹೆಚ್ಚಿದರೆ ಹೊಡೆತವೆಲ್ಲ ಕಾಲಿಗೆ ಬೀಳುತ್ತದೆ.

ಇನ್ನೊಂದು ತಿರುವಿನ ವಿಷಯ. ಈ ನಾಯಿಗಳು ನಾಗಾಲೋಟದಲ್ಲಿ ಬೆನ್ನನ್ನು ಬಿಲ್ಲಿನಂತೆ ಬಗ್ಗಿಸಿ ಬಿಚ್ಚುತ್ತವೆ. ಒಂದೊಂದು ದಾಪಿಗೂ ಎರಡು ಸಲ ನಾಲ್ಕೂ ಪಾದ ನೆಲ ಬಿಟ್ಟಿರುತ್ತವೆ. ತಿರುಗುವಾಗ ಮೈಯ ಭಾರವೆಲ್ಲ ಒಂದೆರಡು ಪಾದದ ಮೇಲೆ. ಪಂದ್ಯದ ಗ್ರೇಹೌಂಡ್‌ಗಳು ಯಾವಾಗಲೂ ಎಡಕ್ಕೆ ತಿರುಗುವ ಬಳೆಯಾಕಾರದ ದಾರಿಯಲ್ಲಿ ಓಡುವುದರಿಂದ ಅವುಗಳ ಬಲ ಹಿಂಗಾಲಿನ ಹಿಮ್ಮಡಿಯ ಕೀಲಿನಲ್ಲಿ ಮೂಳೆ ಒಡೆಯುವುದು ಹೆಚ್ಚು. ಹದ ಮಾಡಿದ ಮರಳಿನ ದಾರಿಯಲ್ಲೇ ಹೀಗಾದರೆ ನಮ್ಮ ಕಲ್ಲು, ಕೂಳೆ, ಬದುವಿನ ನೆಲದಲ್ಲಿ ಏನಾಗಬೇಡ!

ರಾಜನ ವಿಷಯದಲ್ಲಿ ನನ್ನ ತಪ್ಪೂ ಸೇರಿತ್ತು. ಆರು ತಿಂಗಳ ಮರಿಯನ್ನು ಬೈಕಿನ ಹಿಂದೆ ಓಡಿಸಿದ್ದು ನಾನೇ. ಇಷ್ಟು ಎತ್ತರದ ನಾಯಿಗೆ ಮೂಳೆಯ ತುದಿ ಬಲಿತು ಗಟ್ಟಿಯಾಗಲು ಹನ್ನೆರಡು ತಿಂಗಳಿಗೂ ಮೇಲೆ ಬೇಕು. ಅಲ್ಲಿಯವರೆಗೆ ಅದು ತಾನಾಗಿ ಆಡಿದಷ್ಟೇ ವ್ಯಾಯಾಮ.

ಮರಿ ಆರಿಸುವಾಗ

ಹೊಲಕ್ಕೆ ನಾಯಿ ಬೇಕೆನ್ನುವವರು ಇಷ್ಟನ್ನು ಗಮನಿಸಿ:

1. ಮರಿಗಿಂತ ಮೊದಲು ತಾಯಿಯನ್ನು ನೋಡಿ, ಸಾಧ್ಯವಾದರೆ ತಂದೆಯನ್ನೂ. ತಾಯಿಯನ್ನು ತೋರಿಸದವರ ಹತ್ತಿರ ಮರಿ ಕೊಳ್ಳಬೇಡಿ.

2. ಪಾದ: ಬೆರಳುಗಳು ಒತ್ತಾಗಿ, ಮೇಲಕ್ಕೆ ಬಾಗಿ ಮುಷ್ಟಿಯಂತೆ ಇರಬೇಕು. ಅಡಿಯ ಮೆತ್ತೆ ದಪ್ಪವಾಗಿರಬೇಕು. ಬೆರಳು ಅಗಲಿಸಿ ಚಪ್ಪಟೆಯಾದ ಪಾದ ಕೂಳೆಯಲ್ಲಿ ನಿಲ್ಲುವುದಿಲ್ಲ.

3. ಮಣಿಕಟ್ಟು: ಮುಂದಿನಿಂದ ನೋಡಿದರೆ ಕಾಲು ನೇರ ಇರಬೇಕು. ಪಕ್ಕದಿಂದ ನೋಡಿದರೆ ಮಣಿಕಟ್ಟಿನ ಕೆಳಗೆ ಸ್ವಲ್ಪ ಬಳುಕು ಇರಬೇಕು. ಗೂಟದಂತೆ ನೆಟ್ಟಗಿದ್ದರೆ ನೆಲದ ಹೊಡೆತ ನೇರ ಮೇಲಕ್ಕೆ ಹೋಗುತ್ತದೆ. ತೀರ ಕುಸಿದಿದ್ದರೂ ಬೇಡ.

4. ಎದೆ ಆಳವಾಗಿ ಮೊಣಕೈವರೆಗೆ ಇಳಿದಿರಬೇಕು. ಹೃದಯ, ಶ್ವಾಸಕೋಶಕ್ಕೆ ಜಾಗ ಅಲ್ಲಿಯೇ. ಪೀಪಾಯಿಯಂತೆ ಅಗಲವಾದ ಎದೆ ಬೇಡ, ಮೊಣಕೈ ಹೊರಕ್ಕೆ ತಳ್ಳುತ್ತದೆ.

5. ಹಿಂಗಾಲ ತೊಡೆ ಗಟ್ಟಿಯಾಗಿರಲಿ, ಆದರೆ ಮುಂಭಾಗಕ್ಕೆ ತಾಳೆಯಾಗಿರಲಿ. ಹಿಂದೆ ಪೈಲ್ವಾನ, ಮುಂದೆ ಬಡಕಲು ಇದ್ದರೆ ಅದು ನೇರ ಓಟದ ನಾಯಿ.

6. ತಂದೆ ತಾಯಿ ನಡೆಯುವುದನ್ನು, ಓಡಿ ತಿರುಗುವುದನ್ನು ಕಣ್ಣಾರೆ ನೋಡಿ. ತಿರುಗುವಾಗ ಜಾರಿದರೆ, ಕಾಲು ಎತ್ತಿ ಇಟ್ಟರೆ ಬಿಟ್ಟುಬಿಡಿ.

ಎತ್ತರವನ್ನು ಇದೆಲ್ಲ ಆದ ಮೇಲೆ ಕೇಳಿದರೆ ಸಾಕು.

ಸಾಕುವವರಿಗೆ ನಾಲ್ಕು ಮಾತು

ಈ ನಾಯಿಗಳ ಮೈಯಲ್ಲಿ ಕೊಬ್ಬು ಕಡಿಮೆ. ಮಂಪರಿನ ಕೆಲವು ಔಷಧಿಗಳು ಇವುಗಳ ಮೈಯಿಂದ ಬೇಗ ಇಳಿಯುವುದಿಲ್ಲ. ಆಪರೇಶನ್ ಏನಾದರೂ ಇದ್ದರೆ ‘ಇದು ಬೇಟೆ ಜಾತಿ’ ಅಂತ ಪಶುವೈದ್ಯರಿಗೆ ಮೊದಲೇ ನೆನಪಿಸಿ. ಹುಚ್ಚುನಾಯಿ ರೋಗದ ಚುಚ್ಚುಮದ್ದನ್ನು ಮೂರು ತಿಂಗಳಿಗೆ ಹಾಕಿಸಿ, ಆಮೇಲೆ ತಪ್ಪಿಸಬೇಡಿ.

ಮುಧೋಳ ಕಣ್ಣಿನಿಂದ ಬೇಟೆಯಾಡುವ ನಾಯಿ. ಓಡುವುದನ್ನು ಕಂಡರೆ ಅಟ್ಟುತ್ತದೆ. ಮರಿಯಿದ್ದಾಗಲೇ ಕುರಿ, ಕೋಳಿಗಳ ನಡುವೆ ಬೆಳೆಸಬೇಕು. ದಿನವೆಲ್ಲ ಸರಪಳಿಯಲ್ಲಿ ಕಟ್ಟಿದರೆ ಮುಂಗೋಪಿಯಾಗುತ್ತದೆ. ಬರಿ ಬೊಗಳುವ ಕಾವಲಿಗಾದರೆ ನಮ್ಮ ನಾಟಿ ನಾಯಿಯೇ ಸಾಕು, ದುಡ್ಡು ಖರ್ಚು ಮಾಡಬೇಡಿ. ಸಾವನದುರ್ಗದ ಸೀಮೆಯಲ್ಲಿ ಚಿರತೆ ಓಡಾಡುವುದರಿಂದ ನಾನು ರಾತ್ರಿ ನಾಯಿಯನ್ನು ಒಳಗೇ ಕೂಡುತ್ತೇನೆ. ಹೊರಗೆ ಕಟ್ಟಿಹಾಕಿದ ನಾಯಿ ಚಿರತೆಗೆ ಇಟ್ಟ ಎಡೆ.

ಇನ್ನೊಂದು ಮುಖ್ಯ ವಿಷಯ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ಮೊಲ, ಜಿಂಕೆ ಬೇಟೆ ಅಪರಾಧ. ನಾಯಿ ಬಿಟ್ಟು ಹಿಡಿಸುವುದೂ ಬೇಟೆಯೇ. ಹಾಗಾದರೆ ಕರಿಯನಿಗೆ ಕೆಲಸವೇನು ಅಂತ ಕೇಳಬಹುದು. ಕುರಿಯ ಜೊತೆ ದಿನಕ್ಕೆ ಏಳೆಂಟು ಕಿಲೋಮೀಟರ್ ನಡೆಯುವುದು, ರೊಪ್ಪದ ಹತ್ತಿರ ಬೀದಿನಾಯಿ ಬಾರದಂತೆ ಅಟ್ಟುವುದು, ಅಪರಿಚಿತರು ಬದು ದಾಟಿದರೆ ಎದ್ದು ನಿಲ್ಲುವುದು. ಅವನು ಬಂದ ಮೇಲೆ ಒಂದು ಕುರಿಯೂ ಕಳುವಾಗಿಲ್ಲ. ಒಂದು ಸಲವೂ ಕಾಲಿಗೆ ಪಟ್ಟಿ ಕಟ್ಟಿಸಿಲ್ಲ.

ರಾಜನ ಮರಿ ಕೇಳಿ ಬಂದವರು

ರಾಜನ ಮೂಳೆ ಕೂಡಿತು, ಆದರೆ ಕಾಲು ಸೊಟ್ಟಗೇ ಉಳಿಯಿತು. ಕುಂಟುತ್ತಿದ್ದರೂ ಎತ್ತರ ಎತ್ತರವೇ ತಾನೆ? ‘ಅಣ್ಣ, ನಮ್ಮ ಹೆಣ್ಣು ನಾಯಿಗೆ ಒಂದು ಸಲ ಬಿಡಿ, ಐದು ಸಾವಿರ ಕೊಡ್ತೀವಿ’ ಅಂತ ಮೂಡಲಪಾಳ್ಯದ ಮನೆಗೇ ಬಂದವರಿದ್ದಾರೆ. ಒಬ್ಬರಂತೂ ಮೂರು ಸಲ ಬಂದರು. ಕಾಲು ಮುರಿದದ್ದು ಅಪಘಾತ, ಅದು ಮರಿಗೆ ಬರುವುದಿಲ್ಲ ಎಂದು ವಾದಿಸಿದರು. ಮುರಿದ ಕಾಲು ಮರಿಗೆ ಬರುವುದಿಲ್ಲ, ನಿಜ. ಆ ಭಾರಕ್ಕೆ ಸಾಲದ ಮಣಿಕಟ್ಟು ಬರುತ್ತದಲ್ಲ? ಆ ಮರಿಗಳನ್ನೂ ಯಾರೋ ನನ್ನಂಥವರು ಇಂಚಿನ ಲೆಕ್ಕದಲ್ಲಿ ಕೊಂಡು ಬದುವಿನ ಮೇಲೆ ಓಡಿಸುತ್ತಾರೆ. ಆಗುವುದಿಲ್ಲ ಎಂದು ಕಳಿಸಿದೆ. ಆ ವರ್ಷ ಮಳೆ ಕೈಕೊಟ್ಟಿತ್ತು, ಐದು ಸಾವಿರ ನನಗೇನೂ ಚಿಕ್ಕ ಮೊತ್ತವಾಗಿರಲಿಲ್ಲ.

ರಾಜ 2023ರ ಕೊನೆಯಲ್ಲಿ ತೀರಿಕೊಂಡ. ಕೊನೆಯವರೆಗೂ ಮನೆಯ ಜಗಲಿಯ ಮೇಲೆ ಕರಿಯನ ಪಕ್ಕದಲ್ಲೇ ಮಲಗುತ್ತಿದ್ದ. ತೋಟದ ತೆಂಗಿನ ಬುಡದಲ್ಲಿ ಮಣ್ಣು ಮಾಡಿದೆವು.

ಓದುಗರಲ್ಲಿ ಮುಧೋಳ ನಾಯಿ ಸಾಕಿದವರು ಇದ್ದರೆ ಎತ್ತರ, ತೂಕ, ಮಣಿಕಟ್ಟಿನ ಸುತ್ತಳತೆ ಈ ಮೂರನ್ನು ಅಳೆದು, ನಾಯಿ ಮಾಡುವ ಕೆಲಸ, ಕಾಲಿಗೆ ಪೆಟ್ಟಾದದ್ದಿದ್ದರೆ ಅದನ್ನೂ ಸೇರಿಸಿ ಪತ್ರಿಕೆಗೆ ಬರೆಯಿರಿ. ನನ್ನದು ಎರಡೇ ನಾಯಿಯ ಲೆಕ್ಕ. ಇಪ್ಪತ್ತು ಮೂವತ್ತು ನಾಯಿಗಳದ್ದು ಸೇರಿದರೆ ಮುಂದೆ ಮರಿ ಕೊಳ್ಳುವವರಿಗೆ ಇಂಚಿನ ಬದಲು ಹಿಡಿದು ನೋಡಲು ಇನ್ನೊಂದು ಅಳತೆ ಸಿಕ್ಕೀತು.